ಶನಿವಾರ ರಾತ್ರಿ ಎಣ್ಣೆ, ಭಾನುವಾರ ಬೆಳಿಗ್ಗೆ ಓಟ: ನಿಜಕ್ಕೂ ಎಷ್ಟು ಹೊಡೆತ ಬೀಳುತ್ತದೆ?

ಬೋನಸ್_ಲೈನ್

ಎಲ್ಲರಿಗೂ ನಮಸ್ಕಾರ. ಸುಮ್ನೆ ಬೈಯುವುದಕ್ಕೆ ಬರಬೇಡಿ ಎಂದು ಮೊದಲೇ ಕೈ ಮುಗಿಯುತ್ತೇನೆ. ಮನೆಯಲ್ಲಿ ಅಮ್ಮ ಆ ಕೆಲಸವನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾರೆ.

ನನಗೆ 24 ವರ್ಷ, ತೂಕ 68 ಕೆಜಿ, ಮಂಡ್ಯ ಕಡೆಯವನು. ಕಬಡ್ಡಿ ಆಡುತ್ತೇನೆ, ರೈಡರ್. ಊರ ಹಬ್ಬ, ಜಾತ್ರೆ, ಗಣೇಶ ಕೂರಿಸಿದ ಕಡೆ, ಎಲ್ಲಿ ಲೈಟ್ ಹಾಕಿ ಮ್ಯಾಟ್ ಹಾಸಿದರೂ ನಮ್ಮ ತಂಡ ಟೆಂಪೊ ಹತ್ತಿ ಹೋಗುತ್ತದೆ. ಇದರ ಜೊತೆಗೆ ಈಗ ಪೊಲೀಸ್ ಕಾನ್ಸ್‌ಟೇಬಲ್ ಫಿಸಿಕಲ್‌ಗೆ ತಯಾರಿ ನಡೆಸಿದ್ದೇನೆ. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ನಾನು 6:42ಕ್ಕೆ ಅಂಟಿಕೊಂಡಿದ್ದೇನೆ. ಎರಡು ತಿಂಗಳಿಂದ ಅಲ್ಲೇ. ಒಂದು ಸೆಕೆಂಡ್ ಹಿಂದಿಲ್ಲ, ಮುಂದಿಲ್ಲ.

ಸಮಸ್ಯೆ ಶನಿವಾರದ್ದು. ಮ್ಯಾಚ್ ಮುಗಿದ ಮೇಲೆ ಗೆದ್ದರೆ ಖುಷಿಗೆ, ಸೋತರೆ ಬೇಜಾರಿಗೆ, ಡ್ರಾ ಆದರೆ ಯಾಕೆ ಡ್ರಾ ಆಯಿತು ಅಂತ ಮಾತಾಡುವುದಕ್ಕೆ ಎಲ್ಲರೂ ಕೂರುತ್ತೇವೆ. ನನ್ನ ಲೆಕ್ಕ ಒಂದು ಕ್ವಾರ್ಟರ್. ಬಹುಮಾನದ ದುಡ್ಡು ಬಂದ ದಿನ ಅದರ ಮೇಲೆ ಒಂದು ಸ್ಟ್ರಾಂಗ್ ಬಿಯರ್. ಮಿಕ್ಕ ಆರು ದಿನ ಮುಟ್ಟುವುದಿಲ್ಲ, ದೇವರಾಣೆ. ಭಾನುವಾರ ಬೆಳಿಗ್ಗೆ ಆರಕ್ಕೆ ಗ್ರೌಂಡಿಗೆ ಹೋಗುತ್ತೇನೆ, ಒಂದು ದಿನವೂ ತಪ್ಪಿಸಿಲ್ಲ. ಮೊನ್ನೆ ಭಾನುವಾರ ಟೈಮ್ 7:05 ಬಂತು. ನಮ್ಮಣ್ಣನ ಹಳೇ ವಾಚ್ ಕಟ್ಟಿಕೊಂಡು ಮಲಗಿದ್ದೆ. ಮಾಮೂಲಿ ದಿನ ಬೆಳಿಗ್ಗೆ ಎದೆಬಡಿತ 56 ತೋರಿಸುವುದು ಆ ದಿನ 69 ತೋರಿಸಿತು. ಅದನ್ನು ನೋಡಿ ಸ್ವಲ್ಪ ಹೆದರಿಕೆ ಆಯಿತು, ಅದಕ್ಕೇ ಈ ಪೋಸ್ಟ್.

ವಾರಕ್ಕೆ ಒಂದೇ ದಿನ ಕುಡಿದರೆ ಇಷ್ಟು ಏಟು ಬೀಳುತ್ತದಾ? ನಮ್ಮ ಕ್ಯಾಪ್ಟನ್ ಹೇಳುತ್ತಾನೆ, ರೈಡಿಗೆ ಮುಂಚೆ ಒಂದು ಪೆಗ್ ಹಾಕಿದರೆ ಧೈರ್ಯ ಬರುತ್ತದೆ, ಕಾಲು ಹಗುರಾಗುತ್ತದೆ ಅಂತ. ಅದು ನಿಜವಾ? ಇನ್ನೊಬ್ಬ ಹೇಳುತ್ತಾನೆ, ಓಡಿದ ಮೇಲೆ ಬಿಯರ್ ಕುಡಿದರೆ ಮೈಯಿಂದ ಹೋದ ನೀರು ವಾಪಸ್ ಬರುತ್ತದೆ ಅಂತ. ಗೊತ್ತಿದ್ದವರು ಹೇಳಿ.

ಮಾತ್ರೆ_ಅಂಗಡಿ

ಬೈಯುವುದಿಲ್ಲ, ಲೆಕ್ಕ ಹೇಳುತ್ತೇನೆ. ಹೆಸರು ನೋಡಿದರೆ ಗೊತ್ತಾಗುತ್ತದೆ ನನ್ನ ಕಸುಬು ಏನು ಅಂತ, ಬೆಳಿಗ್ಗೆ ಹೊತ್ತು ಓಡುತ್ತೇನೆ ಕೂಡ.

ಕ್ವಾರ್ಟರ್ ಅಂದರೆ 180 ಎಂಎಲ್. ಬಾಟಲಿ ಮೇಲೆ ಸಣ್ಣ ಅಕ್ಷರದಲ್ಲಿ ಶೇ. 42.8 ಅಂತ ಇರುತ್ತದೆ, ಓದಿ. ಅದರಲ್ಲಿ ಶುದ್ಧ ಆಲ್ಕೋಹಾಲ್ 77 ಎಂಎಲ್, ತೂಕದಲ್ಲಿ ಸುಮಾರು 61 ಗ್ರಾಂ. ಶೇ. 8ರ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿಯಲ್ಲಿ ಇನ್ನೊಂದು 41 ಗ್ರಾಂ. ಬಿಯರ್ ಅಲ್ವಾ, ಏನಾಗುತ್ತದೆ ಅನ್ನುತ್ತಾರಲ್ಲ, ಆ ಒಂದು ಬಾಟಲಿ ಅರವತ್ತರ ಎರಡು ಪೆಗ್ಗಿಗೆ ಸಮ. ಬಹುಮಾನ ಬಂದ ದಿನ ನಿಮ್ಮ ಒಟ್ಟು 102 ಗ್ರಾಂ.

ಈಗ ಲಿವರ್ ಕಡೆ ಬನ್ನಿ. ಅದು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಸುಡುತ್ತದೆ, ಅಷ್ಟೇ. ನಿಂಬೆಹಣ್ಣು, ಮಜ್ಜಿಗೆ, ಕಾಫಿ, ತಣ್ಣೀರ ಸ್ನಾನ, ಯಾವುದಕ್ಕೂ ಅದು ಬಗ್ಗುವುದಿಲ್ಲ. ರಾತ್ರಿ ಒಂಬತ್ತಕ್ಕೆ ಶುರು ಮಾಡಿದರೆ 102 ಗ್ರಾಂ ಖಾಲಿ ಆಗುವುದು ಬೆಳಿಗ್ಗೆ ಏಳರಿಂದ ಹನ್ನೊಂದೂವರೆಯ ನಡುವೆ. ನೀವು ಆರಕ್ಕೆ ಗ್ರೌಂಡಿನಲ್ಲಿ ಇರುತ್ತೀರಿ. ಅಂದರೆ ನೀವು ಹ್ಯಾಂಗೋವರ್‌ನಲ್ಲಿ ಓಡುತ್ತಿಲ್ಲ, ಇನ್ನೂ ಎಣ್ಣೆಯಲ್ಲೇ ಓಡುತ್ತಿದ್ದೀರಿ. ಗ್ರೌಂಡಿಗೆ ಬೈಕಿನಲ್ಲಿ ಹೋಗುತ್ತೀರಾ? 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ಪೊಲೀಸ್ ಆಗಲು ಹೊರಟವರನ್ನು ಪೊಲೀಸರೇ ನಿಲ್ಲಿಸಿ ಊದಿಸಿದರೆ ನೋಡುವುದಕ್ಕೆ ಚೆನ್ನಾಗಿರುವುದಿಲ್ಲ.

ನಿಮ್ಮ 102 ಗ್ರಾಂ ಅಂದರೆ ಮೈತೂಕದ ಕೆಜಿಗೆ 1.5 ಗ್ರಾಂ. ಇದೇ ಪ್ರಮಾಣ ಇಟ್ಟುಕೊಂಡು ಆಸ್ಟ್ರೇಲಿಯಾದಲ್ಲಿ ಒಂದು ಪರೀಕ್ಷೆ ಮಾಡಿದ್ದರು, 2014ರಲ್ಲಿ ಪ್ರಕಟವಾಯಿತು. ಎಂಟು ಜನ ಹುಡುಗರು. ತೂಕ ಎತ್ತಿಸಿದರು, ಸೈಕಲ್ ತುಳಿಸಿದರು, ಆಮೇಲೆ ವೋಡ್ಕಾ ಕುಡಿಸಿದರು. ಸ್ನಾಯು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುತ್ತದಲ್ಲ, ಹೊಸ ಪ್ರೋಟೀನ್ ಕಟ್ಟಿಕೊಳ್ಳುವ ಕೆಲಸ, ಅದು ಬರೀ ಪ್ರೋಟೀನ್ ಕುಡಿದ ದಿನಕ್ಕೆ ಹೋಲಿಸಿದರೆ ಶೇ. 37 ಇಳಿಯಿತು. ಎಣ್ಣೆಯ ಜೊತೆಗೆ ಪ್ರೋಟೀನ್ ಪುಡಿಯನ್ನೂ ಕೊಟ್ಟು ನೋಡಿದರು. ಆಗಲೂ ಶೇ. 24 ಇಳಿಯಿತು. ಹಾಗಾಗಿ ಸೈಡ್ಸ್‌ಗೆ ನಾಲ್ಕು ಮೊಟ್ಟೆ ತಿನ್ನುತ್ತೇನೆ ಅನ್ನುವ ಸಮಾಧಾನ ಅರ್ಧಕ್ಕೇ ನಿಲ್ಲುತ್ತದೆ.

ವಾರಕ್ಕೆ ಒಂದೇ ದಿನ ಅಂದಿರಲ್ಲ. ನಿಮ್ಮ ವಾರದಲ್ಲಿ ಮೈ ಜಾಸ್ತಿ ದಣಿಯುವ ದಿನ ಯಾವುದು? ಮ್ಯಾಚ್ ಆಡಿದ ಶನಿವಾರ. ರಿಪೇರಿ ಬೇಕಾಗಿದ್ದು ಆ ರಾತ್ರಿಯೇ. ಏಳು ರಾತ್ರಿಗಳಲ್ಲಿ ಅದನ್ನೇ ಆರಿಸಿಕೊಂಡಿದ್ದೀರಿ.

ಕಬ್ಬನ್_ಆಮೆ

ಲೆಕ್ಕದ ಮೇಷ್ಟ್ರೇ, ಸ್ವಲ್ಪ ಸಡಿಲ ಬಿಡಿ. ನಾನು ಎಂಟು ವರ್ಷದಿಂದ ಕಬ್ಬನ್ ಪಾರ್ಕಿನಲ್ಲಿ ಓಡುತ್ತಿದ್ದೇನೆ, ಹಾಫ್ ಮ್ಯಾರಥಾನ್ ಹತ್ತಾರು ಆಗಿವೆ. ಓಟ ಮುಗಿದ ಮೇಲೆ ಮಧ್ಯಾಹ್ನ ಊಟದ ಜೊತೆಗೆ ಗೆಳೆಯರ ಜೊತೆ ಒಂದು ಮಗ್ ಬಿಯರ್ ಇಲ್ಲದಿದ್ದರೆ ಇಷ್ಟು ವರ್ಷ ಓಡುತ್ತಲೇ ಇರಲಿಲ್ಲವೇನೋ. ನನ್ನ ಟೈಮೇನೂ ಕೆಟ್ಟಿಲ್ಲ (ಹೆಸರು ನೋಡಿ ನಗಬೇಡಿ). ಜರ್ಮನಿಯಲ್ಲಿ ಮ್ಯಾರಥಾನ್ ಮುಗಿಸುವ ಗೆರೆಯಲ್ಲೇ ಬಿಯರ್ ಕೊಡುತ್ತಾರೆ. ಬಿಯರ್‌ನಿಂದ ಒಳ್ಳೆಯದಾಗುತ್ತದೆ ಅಂತ ಮ್ಯೂನಿಕ್ ಮ್ಯಾರಥಾನ್ ಓಟಗಾರರ ಮೇಲೆ ಮಾಡಿದ ಪರೀಕ್ಷೆಯೇ ಇದೆ.

ಮಾತ್ರೆ_ಅಂಗಡಿ

@ಕಬ್ಬನ್_ಆಮೆ, ಆ ಮ್ಯೂನಿಕ್ ಪರೀಕ್ಷೆ 2012ರಲ್ಲಿ ಪ್ರಕಟವಾದದ್ದು. ಓಟಕ್ಕೆ ಮೂರು ವಾರ ಮುಂಚೆಯಿಂದ ಓಟವಾಗಿ ಎರಡು ವಾರದವರೆಗೆ ಬಿಯರ್ ಕುಡಿಸಿದರು, ಉರಿಯೂತ ಕಡಿಮೆ ಆಯಿತು, ನೆಗಡಿ ಗಂಟಲುನೋವು ಕಡಿಮೆ ಆಯಿತು, ಎಲ್ಲಾ ನಿಜ. ಒಂದೇ ಒಂದು ವಿಷಯ ಬಿಟ್ಟುಬಿಟ್ಟಿರಿ. ಅದು ಆಲ್ಕೋಹಾಲ್ ಇಲ್ಲದ ಬಿಯರ್. 😀

ನೀರಿನ ವಿಷಯಕ್ಕೆ ಬಂದರೆ, 1997ರ ಒಂದು ಪರೀಕ್ಷೆಯಲ್ಲಿ ಬೆವರಿಳಿಸಿ ಬಂದವರಿಗೆ ಶೇ. 0, 1, 2, 4 ಆಲ್ಕೋಹಾಲ್ ಇರುವ ಪಾನೀಯ ಕೊಟ್ಟು ನೋಡಿದ್ದರು. ಶೇ. 2ರವರೆಗೆ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. 4ಕ್ಕೆ ಬಂದಾಗ ಮೂತ್ರ ಜಾಸ್ತಿ ಹೋಯಿತು, ರಕ್ತಕ್ಕೆ ನೀರು ತುಂಬಿಕೊಳ್ಳುವುದು ತಡವಾಯಿತು. ಮೂತ್ರವನ್ನು ಹಿಡಿದಿಡುವ ಹಾರ್ಮೋನ್ ಒಂದಿದೆ, ಅದರ ಬಾಯಿಯನ್ನು ಆಲ್ಕೋಹಾಲ್ ಮುಚ್ಚಿಸುತ್ತದೆ. ನಮ್ಮಲ್ಲಿ ಸಿಗುವ ಮೈಲ್ಡ್ ಬಿಯರೇ ಶೇ. 5ರ ಹತ್ತಿರ. ನೀವು ಊಟದ ಜೊತೆ ಕುಡಿಯುವ ಒಂದು ಮಗ್ ಬೇರೆ, ನೀರು ಕುಡಿದ ಮೇಲೆ ಕುಡಿಯುತ್ತೀರಿ, ಅದರಿಂದ ನಿಮ್ಮ ಓಟ ಕೆಡುತ್ತದೆ ಅಂತ ನಾನೂ ಹೇಳುವುದಿಲ್ಲ. ಆದರೆ ಅದನ್ನು ಎಳನೀರಿನ ಸಾಲಿಗೆ ಸೇರಿಸಬೇಡಿ. ಮದ್ದೂರಿನ ಪಕ್ಕದ ಹುಡುಗನಿಗೆ ಎಳನೀರು ಬಿಟ್ಟು ಬಿಯರ್ ಕುಡಿ ಅನ್ನುವುದು ಪಾಪ.

ಕಬ್ಬನ್_ಆಮೆ

ಸರಿ, ಆಲ್ಕೋಹಾಲ್ ಇಲ್ಲದ್ದು ಅನ್ನುವುದು ನಾನು ಓದಿದ ಕಡೆ ಇರಲಿಲ್ಲ, ಅಥವಾ ನಾನೇ ಅಲ್ಲಿಗೆ ಓದುವುದನ್ನು ನಿಲ್ಲಿಸಿದ್ದೆ. ಒಪ್ಪಿದೆ.

ಕೆಮ್ಮಣ್ಣು

ನಾನು ಮೈಸೂರಿನ ಗರಡಿ ಮನೆಯಲ್ಲಿ ಬೆಳೆದವನು. ಈಗ 61 ವರ್ಷ. ದಸರಾ ಕುಸ್ತಿಯಲ್ಲಿ ಜೋಡಿ ಕಟ್ಟಿ ಆಡಿದ್ದೇನೆ, ಗೆದ್ದಿದ್ದು ಕಡಿಮೆ, ಮಣ್ಣು ಮುಕ್ಕಿದ್ದು ಜಾಸ್ತಿ. ಟೈಪ್ ಮಾಡಿಕೊಡುತ್ತಿರುವುದು ಮೊಮ್ಮಗ.

ನಮ್ಮ ಉಸ್ತಾದರಿಗೆ ಗ್ರಾಂ ಲೆಕ್ಕ ಗೊತ್ತಿರಲಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಮಟ್ಟಿಯ ಮಣ್ಣು ಅಗೆಯಬೇಕಿತ್ತು, ಆಮೇಲೆ ದಂಡ, ಬಸ್ಕಿ. ಹುಡುಗ ಹತ್ತಿರ ಬಂದು ಆಂಜನೇಯನ ಪಟಕ್ಕೆ ಕೈ ಮುಗಿದು ಅವರ ಕಾಲು ಮುಟ್ಟುತ್ತಿದ್ದನಲ್ಲ, ಆಗಲೇ ಅವರಿಗೆ ಗೊತ್ತಾಗುತ್ತಿತ್ತು. ಬಾಯಿ ವಾಸನೆ ಬೇಡ. ಬೆವರಲ್ಲೇ ಹುಳಿ ವಾಸನೆ ಬರುತ್ತದೆ ಅನ್ನುತ್ತಿದ್ದರು. ಬೈಯುತ್ತಿರಲಿಲ್ಲ. ಇವತ್ತು ಕುಸ್ತಿಯ ಜೋರು ಬೇಡ, ಮೂಲೆಯಲ್ಲಿ ಕೂತು ನೋಡು ಅನ್ನುತ್ತಿದ್ದರು. ಇಪ್ಪತ್ತು ಜನ ಆಡುವಾಗ ಲಂಗೋಟಿ ಕಟ್ಟಿಕೊಂಡು ಗೋಡೆಗೆ ಒರಗಿ ಕೂರುವುದು ಇದೆಯಲ್ಲ, ಬೈಸಿಕೊಳ್ಳುವುದೇ ವಾಸಿ. ನಾನೂ ಒಂದು ಸಲ ಕೂತಿದ್ದೇನೆ.

ಆಗ ಸಾರಾಯಿ ಪ್ಯಾಕೆಟ್ ಕಾಲ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು, ಅಷ್ಟು ಹೊತ್ತಿಗೆ ನನ್ನ ಜೊತೆಯ ಇಬ್ಬರು ಒಳ್ಳೇ ಪೈಲ್ವಾನರನ್ನು ಅದು ತಿಂದಿತ್ತು. ಒಬ್ಬನಂತೂ ಹಿಡಿತಕ್ಕೆ ಸಿಕ್ಕರೆ ಬಿಡಿಸಿಕೊಂಡವರಿಲ್ಲ. ಅವನ ತೋಳಿನ ಬಲ ಕೊನೆಯವರೆಗೂ ಹೋಗಲಿಲ್ಲ. ಮೊದಲು ಹೋಗಿದ್ದು ದಮ್ಮು. ಮೂರನೇ ನಿಮಿಷಕ್ಕೆ ಬಾಯಿ ತೆರೆಯುತ್ತಿದ್ದ. ಎದುರಾಳಿಗಳು ಅದನ್ನು ಕಂಡುಕೊಂಡರು, ಮೂರು ನಿಮಿಷ ಸುಮ್ಮನೆ ಸುತ್ತಾಡಿಸಿ ಆಮೇಲೆ ಕೈ ಹಾಕುತ್ತಿದ್ದರು. ಹುಡುಗಾ, ನಿನ್ನ ಟೈಮ್ ಯಾವ ಸುತ್ತಿನಲ್ಲಿ ಕೆಡುತ್ತಿದೆ ನೋಡಿಕೋ. ನಾಲ್ಕನೆಯದರಲ್ಲಾ, ಮೂರನೆಯದರಲ್ಲಾ?

ಇನ್ನೊಂದು. ಮಂಡಿ ನೋವಿಗೆ ಬ್ರಾಂದಿ ತಿಕ್ಕುತ್ತಾರೆ ನಮ್ಮ ಕಡೆ. ತಿಕ್ಕಿದ್ದರಲ್ಲಿ ಮಿಕ್ಕಿದ್ದು ಯಾವತ್ತೂ ಬಾಟಲಿಗೆ ವಾಪಸ್ ಹೋಗಿದ್ದು ನಾನು ನೋಡಿಲ್ಲ.

ಟೇಪ್_ಐಸ್

ಕೆಮ್ಮಣ್ಣು ತಾತ, ಕೊನೇ ಸಾಲಿಗೆ ಕ್ಲಿನಿಕ್ಕಿನಲ್ಲಿ ಕೂತು ಒಬ್ಬಳೇ ನಕ್ಕೆ.

ನಾನು ಫಿಸಿಯೋಥೆರಪಿಸ್ಟ್, ಕಾಲೇಜಿನಲ್ಲಿ 400 ಮೀಟರ್ ಓಡುತ್ತಿದ್ದೆ. ಸೋಮವಾರ ಬೆಳಿಗ್ಗೆ ನಮ್ಮ ಬಾಗಿಲಿಗೆ ಬರುವ ಕಾಲುಗಳನ್ನು ನೋಡಿಯೇ ಶನಿವಾರ ರಾತ್ರಿ ಏನಾಯಿತು ಅಂತ ಹೇಳಬಲ್ಲೆ. ಹೋದ ತಿಂಗಳು ಟೆನಿಸ್ ಬಾಲ್ ಕ್ರಿಕೆಟ್ ಆಡುವ ಹುಡುಗನೊಬ್ಬ ಬಂದ. ಸಂಜೆ ಬೌಂಡರಿ ಹತ್ತಿರ ಪಾದದ ಕೀಲು ಉಳುಕಿದೆ. ಉಳುಕಿದಾಗ ಐಸ್ ಇಟ್ಟು, ಬಟ್ಟೆ ಸುತ್ತಿ, ಕಾಲು ಮೇಲಿಟ್ಟು ಮಲಗಿದ್ದರೆ ಹತ್ತು ದಿನದ ಕಥೆ. ಇವನು ಕಪ್ ಗೆದ್ದ ಖುಷಿಗೆ ಕುಡಿದ. ಎಣ್ಣೆ ಒಳಗೆ ಹೋದ ಮೇಲೆ ನೋವು ಗೊತ್ತಾಗಲಿಲ್ಲ, ಡಿಜೆ ಮುಂದೆ ಕುಣಿದ. ಬೆಳಿಗ್ಗೆ ಎದ್ದಾಗ ಪಾದ ಬನ್ನಿನ ಹಾಗೆ ಊದಿ ಬೆರಳ ಸಂದಿಯವರೆಗೂ ನೀಲಿ. ಐದು ವಾರ ಹಿಡಿಯಿತು. ಎಣ್ಣೆ ರಕ್ತನಾಳ ಹಿಗ್ಗಿಸುತ್ತದೆ, ಊತ ಜಾಸ್ತಿಯಾಗುತ್ತದೆ, ಅದು ಒಂದು ಪಾಲು. ನೋವು ಅನ್ನುವ ಕಾವಲುಗಾರನನ್ನೇ ಮಲಗಿಸಿಬಿಡುತ್ತದಲ್ಲ, ಅದು ಇನ್ನೊಂದು ಪಾಲು. ಏಟು ಬಿದ್ದ ಮೇಲೆ ಕನಿಷ್ಠ ಎರಡು ದಿನ ಮುಟ್ಟಬೇಡಿ ಎಂದು ನಾವು ಹೇಳುವುದು ಇದಕ್ಕೇ.

ಬೋನಸ್_ಲೈನ್, ನೀವು ಕೇಳದಿದ್ದರೂ ಹೇಳುತ್ತೇನೆ. ಮ್ಯಾಚ್ ಆದ ಮೇಲೆ ಮೈನೋವಿಗೆ ಡೈಕ್ಲೋಫೆನಾಕ್ ನುಂಗಿ ಅದರ ಮೇಲೆ ಕ್ವಾರ್ಟರ್ ಹಾಕುವ ಅಭ್ಯಾಸ ನಿಮ್ಮ ತಂಡದಲ್ಲೂ ಇರುತ್ತದೆ, ಇಲ್ಲದ ತಂಡ ನಾನು ನೋಡಿಲ್ಲ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುವ ಅಪಾಯ ಎರಡೂ ಸೇರಿದಾಗ ಏರುತ್ತದೆ. ಪ್ಯಾರಾಸಿಟಮಾಲ್ ಪಾಪದ್ದು ಅಂದುಕೊಂಡು ದಿನಾ ಕುಡಿಯುವವರು ಅದನ್ನು ನುಂಗುತ್ತಾರೆ, ಅಲ್ಲಿ ಲಿವರ್‌ಗೆ ಏಟು.

ಸ್ನಾಯುವಿನ ಶಕ್ತಿಯ ವಿಷಯಕ್ಕೆ ನ್ಯೂಜಿಲೆಂಡಿನ ಮ್ಯಾಸಿ ಯೂನಿವರ್ಸಿಟಿಯವರು 2010ರ ಸುಮಾರಿಗೆ ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ಒಬ್ಬನದೇ ಎರಡು ಕಾಲು. ಒಂದು ಸಲ ಒಂದು ಕಾಲಿನ ತೊಡೆಯನ್ನು 300 ಸಲ ದಂಡಿಸಿ ಬರೀ ಕಿತ್ತಳೆ ರಸ ಕುಡಿಸಿದರು. ಇನ್ನೊಂದು ಸಲ ಇನ್ನೊಂದು ಕಾಲಿಗೆ ಅದೇ ಶಿಕ್ಷೆ, ಈ ಸಲ ರಸಕ್ಕೆ ವೋಡ್ಕಾ, ಕೆಜಿಗೆ ಒಂದು ಗ್ರಾಂ ಆಲ್ಕೋಹಾಲ್ ಲೆಕ್ಕದಲ್ಲಿ. 36 ಗಂಟೆಯ ನಂತರ ಅಳೆದಾಗ, ಅಲುಗದೆ ಒತ್ತುವ ಬಲ ರಸದ ಕಾಲಿನಲ್ಲಿ ಶೇ. 12 ಇಳಿದಿತ್ತು, ವೋಡ್ಕಾ ಕಾಲಿನಲ್ಲಿ ಶೇ. 34. ಮೂವತ್ತಾರು ಗಂಟೆ ಅಂದರೆ ಶನಿವಾರ ರಾತ್ರಿಯದ್ದು ಸೋಮವಾರ ಬೆಳಿಗ್ಗೆಯವರೆಗೆ. ನಿಮ್ಮ ಒಂದು ಕ್ವಾರ್ಟರ್ ಹೆಚ್ಚುಕಮ್ಮಿ ಅದೇ ಪ್ರಮಾಣ, 68 ಕೆಜಿಗೆ 61 ಗ್ರಾಂ. ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು, ಅದೇ ತಂಡದವರು ಮುಂದೆ ಕೆಜಿಗೆ ಅರ್ಧ ಗ್ರಾಂ ಇಟ್ಟು ನೋಡಿದಾಗ ಈ ವ್ಯತ್ಯಾಸ ಕಾಣಲಿಲ್ಲ. ನಿಮಗೆ ಅರ್ಧ ಗ್ರಾಂ ಅಂದರೆ 34 ಗ್ರಾಂ, ಒಂದು ನೈಂಟಿಗಿಂತ (90 ಎಂಎಲ್) ಸ್ವಲ್ಪ ಜಾಸ್ತಿ. ಹಾಗಂತ ನೈಂಟಿಗೆ ನಿಲ್ಲಿಸುವವರನ್ನು ನಿಮ್ಮ ಟೆಂಪೊದಲ್ಲಿ ಎಷ್ಟು ಜನರನ್ನು ನೋಡಿದ್ದೀರಿ?

ಹುಡುಗಿಯರು ಓದುತ್ತಿದ್ದರೆ, ಅದೇ ತೂಕದ ಹುಡುಗನ ಲೆಕ್ಕ ನಿಮಗೆ ಹೊಂದುವುದಿಲ್ಲ. ನಮ್ಮ ಮೈಯಲ್ಲಿ ನೀರಿನ ಪಾಲು ಕಡಿಮೆ, ಅಷ್ಟೇ ಕುಡಿದರೂ ರಕ್ತದಲ್ಲಿ ಜಾಸ್ತಿ ನಿಲ್ಲುತ್ತದೆ.

ಗನ್ನರ್_ಗಿರಿ

ಪೆಗ್ ಹಾಕಿದರೆ ಧೈರ್ಯ ಬರುತ್ತದೆ ಅನ್ನುವ ಕ್ಯಾಪ್ಟನ್‌ಗೆ ನನ್ನ ಕಡೆಯಿಂದ ಎರಡು ಕಥೆ. ಇಂಥವನ್ನು ಕಲೆಹಾಕುವುದೇ ನನ್ನ ಚಟ.

1904, ಸೇಂಟ್ ಲೂಯಿಸ್ ಒಲಿಂಪಿಕ್ಸ್ ಮ್ಯಾರಥಾನ್. ಥಾಮಸ್ ಹಿಕ್ಸ್ ಅನ್ನುವವನು ಬಿಸಿಲಲ್ಲಿ ಬೀಳುವ ಹಾಗಾದಾಗ ಜೊತೆಯವರು ಅವನಿಗೆ ಮೊಟ್ಟೆಯ ಬಿಳಿ, ಬ್ರಾಂದಿ, ಜೊತೆಗೆ ಸ್ಟ್ರಿಕ್ನಿನ್ ಕುಡಿಸಿದರು. ಸ್ಟ್ರಿಕ್ನಿನ್ ಅಂದರೆ ಇಲಿ ಪಾಷಾಣಕ್ಕೆ ಬಳಸುತ್ತಿದ್ದ ವಿಷ. ಮನುಷ್ಯ ತೂರಾಡಿಕೊಂಡು ಹೋಗಿ ಚಿನ್ನ ಗೆದ್ದ, ಆದರೆ ಗೆರೆ ದಾಟಿದ ಮೇಲೆ ಅವನನ್ನು ಎತ್ತಿಕೊಂಡು ಹೋಗಬೇಕಾಯಿತು. ಇದನ್ನು ಬ್ರಾಂದಿಯ ಗೆಲುವು ಅಂತ ನಿಮ್ಮ ಕ್ಯಾಪ್ಟನ್ ಹೇಳಿಕೊಳ್ಳಲಿ.

ಎರಡನೆಯದು 1968, ಮೆಕ್ಸಿಕೊ. ಸ್ವೀಡನ್ನಿನ ಹಾನ್ಸ್ ಗುನ್ನಾರ್ ಲಿಲ್ಯೆನ್‌ವಾಲ್, ಮಾಡರ್ನ್ ಪೆಂಟಾಥ್ಲಾನ್ ಆಟಗಾರ, ಅಂದರೆ ಗುಂಡು ಹಾರಿಸುವುದೂ ಸೇರಿ ಐದು ಆಟಗಳ ಸ್ಪರ್ಧೆ. ಪಿಸ್ತೂಲ್ ಹಿಡಿಯುವ ಮುಂಚೆ ಕೈ ನಡುಗಬಾರದು ಅಂತ ಎರಡು ಬಿಯರ್ ಕುಡಿದೆ ಅಂದ. ಒಲಿಂಪಿಕ್ಸ್ ಚರಿತ್ರೆಯಲ್ಲಿ ಡೋಪಿಂಗ್‌ಗೆ ಹೊರಬಿದ್ದ ಮೊದಲನೆಯವನು ಅವನೇ. ತಂಡದವರೆಲ್ಲರೂ ಕಂಚು ವಾಪಸ್ ಕೊಟ್ಟರು. ಅಂದರೆ ಕೈ ನಡುಕಕ್ಕೆ ಸ್ವಲ್ಪ ಎಣ್ಣೆ ಕೆಲಸ ಮಾಡುತ್ತದೆ, ಅದು ಸುಳ್ಳಲ್ಲ. ಅದಕ್ಕೇ ಬಿಲ್ಲುಗಾರಿಕೆಯಂಥ ಕೆಲವು ಆಟಗಳಲ್ಲಿ 2017ರ ಕೊನೆಯವರೆಗೂ ವಾಡಾ (ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ) ನಿಷೇಧಿಸಿದ ಪಟ್ಟಿಯಲ್ಲಿ ಆಲ್ಕೋಹಾಲ್ ಇತ್ತು. ಆದರೆ ಕಬಡ್ಡಿ ರೈಡ್ ನಿಂತು ಗುರಿ ಇಡುವ ಆಟವಲ್ಲ. ಮೂವತ್ತು ಸೆಕೆಂಡ್, ಎದುರಿಗೆ ಏಳು ಜನ, ಮೂಲೆಯ ಕಾರ್ನರ್ ಆಟಗಾರ ಕೈ ಹಾಕುವ ಮೊದಲು ಅವನ ಹೆಗಲು ಅಲುಗಿದ್ದು ಕಾಣಬೇಕು. ಪೆಗ್ ಹಾಕಿದವನಿಗೆ ಅದು ಒಂದು ಗಳಿಗೆ ತಡವಾಗಿ ಕಾಣುತ್ತದೆ. ಧೈರ್ಯ ಬರುತ್ತದೆ, ಬಂದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಹಳೇ ಇಂಗ್ಲಿಷ್ ಫುಟ್‌ಬಾಲ್‌ನವರು ಕುಡಿದೂ ಗೆದ್ದರಲ್ಲ ಅಂತ ಯಾರಾದರೂ ಬರುತ್ತಾರೆ, ಅದಕ್ಕೆ ಮೊದಲೇ ಹೇಳುತ್ತೇನೆ. ಕುಡಿದು ಗೆದ್ದರು, ಯಾಕೆಂದರೆ ಎದುರಿನವರೂ ಕುಡಿದೇ ಬರುತ್ತಿದ್ದರು. ನನ್ನ ತಂಡ ಆರ್ಸೆನಲ್‌ನ ಕ್ಯಾಪ್ಟನ್ ಟೋನಿ ಆಡಮ್ಸ್ 1996ರಲ್ಲಿ ತಾನು ಕುಡಿತಕ್ಕೆ ದಾಸನಾಗಿದ್ದೇನೆ ಅಂತ ಎಲ್ಲರ ಮುಂದೆ ಒಪ್ಪಿಕೊಂಡ. ಅದೇ ವರ್ಷ ಆರ್ಸೀನ್ ವೆಂಗರ್ ಮ್ಯಾನೇಜರ್ ಆಗಿ ಬಂದು ಊಟ, ಕುಡಿತ ಎಲ್ಲದಕ್ಕೂ ಕೈ ಹಾಕಿದ. 1998ರಲ್ಲಿ ಅದೇ ಆಡಮ್ಸ್ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಎತ್ತಿದ. ಆಗ ಅವನಿಗೆ 31. ಕುಡಿತಕ್ಕೆ ಸಿಕ್ಕಿಕೊಂಡ ಆಟಗಾರರಿಗೆ ಅಂತ 2000ದಲ್ಲಿ ಒಂದು ಚಿಕಿತ್ಸಾ ಸಂಸ್ಥೆಯನ್ನೂ ಕಟ್ಟಿದ.

ಹೆಸರು_ಬೇಡ

ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನಾನೂ ವಾರಕ್ಕೆ ಒಂದೇ ದಿನದವನು. ವಾಲಿಬಾಲ್, ಜಿಲ್ಲಾ ಮಟ್ಟದಲ್ಲಿ ಆಡಿದ್ದೇನೆ. ಆಮೇಲೆ ಪ್ರಾಕ್ಟೀಸ್ ಇದ್ದ ದಿನವೂ ಆಯಿತು, ಆಮೇಲೆ ಪ್ರಾಕ್ಟೀಸ್ ಇಲ್ಲದ ದಿನ ಬೇಜಾರಿಗೆ ಆಯಿತು. ಆಟ ಬಿಟ್ಟುಹೋಗಿದ್ದು ಯಾವಾಗ ಅಂತ ನನಗೆ ನೆನಪೇ ಇಲ್ಲ, ಅದು ಒಂದು ದಿನ ಆಗಿದ್ದಲ್ಲ. ಬೆಳಿಗ್ಗೆ ಬೀಗಕ್ಕೆ ಕೀ ಹಾಕಲು ಹೋದರೆ ಕೀ ತೂತಿನ ಸುತ್ತ ಟಿಕ್ ಟಿಕ್ ಅಂತ ಬಡಿಯುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ. ಒಂದು ಕಾಲದಲ್ಲಿ ಅದೇ ಕೈ ನೆಟ್ ಮೇಲಿಂದ ಚೆಂಡನ್ನು ಬೇಕಾದ ಮೂಲೆಗೆ ಇಳಿಸುತ್ತಿತ್ತು.

ಬೋನಸ್_ಲೈನ್‌ಗೆ ಇದು ಬೇಕಾಗಿಲ್ಲದಿರಬಹುದು. ಓದುವ ಬೇರೆ ಯಾರಿಗಾದರೂ ಬೇಕಾಗಬಹುದು. ದಿನಾ ಕುಡಿಯುವವರು, ಬೆಳಿಗ್ಗೆ ಕೈ ನಡುಗುವವರು ನಾಳೆಯಿಂದ ಬಿಟ್ಟೆ ಅಂತ ಒಂದೇ ಏಟಿಗೆ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ನನಗೆ ಬಂತು. ಡಾಕ್ಟರ ಕೈಕೆಳಗೆ ನಿಲ್ಲಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಅಂತಲೇ ವಿಭಾಗ ಇದೆ. ಹೋಗುವಾಗ ನಾಚಿಕೆ ಆಗುತ್ತದೆ, ಸಾಲಿನಲ್ಲಿ ಕೂತಾಗ ಅಕ್ಕಪಕ್ಕದವರನ್ನು ನೋಡಿ ಅದು ಅರ್ಧ ಕಳೆಯುತ್ತದೆ. ಈಗ ನಾಲ್ಕು ವರ್ಷ ಆಯಿತು. ಸಂಜೆ ಮಕ್ಕಳಿಗೆ ಸರ್ವಿಸ್ ಹೇಳಿಕೊಡುತ್ತೇನೆ.

ಕೆಮ್ಮಣ್ಣು

ಹೆಸರು ಬೇಡ ಅಂದವನೇ, ಒಳ್ಳೆಯದಾಗಲಿ. ಮೈಸೂರಿಗೆ ಬಂದರೆ ಗರಡಿಗೆ ಬಾ, ಬಾದಾಮಿ ಹಾಲು ಕುಡಿಸುತ್ತೇನೆ.

ಬೋನಸ್_ಲೈನ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಹೆಸರು_ಬೇಡ ಅಣ್ಣ, ನಿಮ್ಮದನ್ನು ಎರಡು ಸಲ ಓದಿದೆ.

ಒಂದು ಡೌಟು ಉಳಿದಿದೆ. ಕುಡಿದ ರಾತ್ರಿ ನಾನು ಕಲ್ಲಿನ ಹಾಗೆ ಮಲಗುತ್ತೇನೆ. ಮಾಮೂಲಿ ದಿನಕ್ಕಿಂತ ಬೇಗ ನಿದ್ದೆ ಬರುತ್ತದೆ. ಹಾಗಿದ್ದ ಮೇಲೆ ಮೈಗೆ ರೆಸ್ಟ್ ಸಿಕ್ಕಿದ ಹಾಗೇ ಅಲ್ವಾ?

ಮಾತ್ರೆ_ಅಂಗಡಿ

ಬೇಗ ಬರುತ್ತದೆ, ಮೊದಲ ಒಂದೆರಡು ಗಂಟೆ ಗಾಢವಾಗಿಯೂ ಇರುತ್ತದೆ. ಎಣ್ಣೆ ಇಳಿಯಲು ಶುರುವಾದ ಮೇಲೆ, ಮೂರು ನಾಲ್ಕು ಗಂಟೆ ಹೊತ್ತಿಗೆ, ನಿದ್ದೆ ಚೂರುಚೂರಾಗುತ್ತದೆ. ಕನಸು ಬೀಳುವ ನಿದ್ದೆ ಇದೆಯಲ್ಲ, ಅದು ಕತ್ತರಿಸಿಹೋಗುತ್ತದೆ. ಬಾಯಾರಿಕೆ, ಒಂದೆರಡು ಸಲ ಬಚ್ಚಲಿಗೆ, ಎದೆ ಡವಡವ. ನಿಮ್ಮ ವಾಚಿನ 69 ಹೇಳುತ್ತಿರುವುದು ಅದನ್ನೇ, ಹೃದಯ ರಾತ್ರಿಯೆಲ್ಲಾ ಓವರ್‌ಟೈಮ್ ಮಾಡಿದೆ. ಜಾಸ್ತಿ ಕುಡಿದ ಮರುದಿನ ಎದೆಬಡಿತದ ತಾಳವೇ ತಪ್ಪಿ ಆಸ್ಪತ್ರೆಗೆ ಬರುವವರೂ ಇದ್ದಾರೆ. ಎದೆ ಎಡವಿದ ಹಾಗೆ ಅನಿಸಿದರೆ ಓಡಬೇಡಿ, ತೋರಿಸಿ.

ಖಾಲಿ ಹೊಟ್ಟೆಯಲ್ಲಿ ಓಡುತ್ತೀರಾ ಭಾನುವಾರ? ಅಲ್ಲಿ ಇನ್ನೊಂದು ತೂತು. ಆಲ್ಕೋಹಾಲ್ ಸುಡುವ ಕೆಲಸದಲ್ಲಿರುವ ಲಿವರ್ ಹೊಸದಾಗಿ ಸಕ್ಕರೆ ತಯಾರಿಸುವುದನ್ನು ಬದಿಗಿಡುತ್ತದೆ. ರಾತ್ರಿ ಮುದ್ದೆ ಅನ್ನ ಬಿಟ್ಟು ಕಬಾಬ್, ಶೇಂಗಾ ತಿಂದು ಮಲಗಿರುತ್ತೀರಿ, ಸ್ನಾಯುವಿನ ಡಬ್ಬಿ ಅರ್ಧ ಖಾಲಿ. ಮೂರನೇ ಸುತ್ತಿನಲ್ಲಿ ಕಾಲು ಸೀಸದ ಹಾಗೆ ಆಗುವುದಕ್ಕೆ ಇದೂ ಒಂದು ಕಾರಣ. ಇಷ್ಟರ ಮೇಲೂ ಕ್ವಾರ್ಟರ್ ಒಂದರಲ್ಲೇ 400ಕ್ಕೂ ಜಾಸ್ತಿ ಕ್ಯಾಲೊರಿ ಇದೆ, ಓಟಕ್ಕೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ.

ಕಬ್ಬನ್_ಆಮೆ

ಇದು ಎಲ್ಲಾ ಸರಿ. ಆದರೆ ಅವನ ನಿಜವಾದ ತೊಂದರೆಗೆ ಯಾರೂ ಉತ್ತರ ಕೊಟ್ಟಿಲ್ಲ. ಲಿವರ್ ಲೆಕ್ಕ ಗೊತ್ತಾದ ಮಾತ್ರಕ್ಕೆ ಶನಿವಾರ ಟೆಂಪೊದಿಂದ ಇಳಿಯುವುದಕ್ಕೆ ಆಗುತ್ತದಾ? ಹನ್ನೆರಡು ಜನ ಕೂತಾಗ ಒಬ್ಬನೇ ಸೋಡಾ ಹಿಡಿದುಕೊಂಡು ಕೂತರೆ, ಏನೋ ದೊಡ್ಡ ಪೊಲೀಸಪ್ಪ ಆಗಿಬಿಟ್ಟೆಯಾ ಅಂತ ಶುರು ಮಾಡುತ್ತಾರೆ. ನಾನು ಆಫೀಸ್ ಪಾರ್ಟಿಯಲ್ಲಿ ಓಟದ ಹಿಂದಿನ ದಿನ ಗ್ಲಾಸಿಗೆ ಸೇಬಿನ ಜ್ಯೂಸ್ ಹಾಕಿಸಿಕೊಂಡು ಓಡಾಡುತ್ತೇನೆ. ಬಣ್ಣ ಒಂದೇ, ಯಾರೂ ಕೇಳುವುದಿಲ್ಲ. ನಾಚಿಕೆಗೇಡು ಅನ್ನಿ, ಕೆಲಸ ಆಗುತ್ತದೆ.

ಟೇಪ್_ಐಸ್

ಗಾಡಿ ಓಡಿಸುವವನು ನೀನೇ ಆಗು. ಡ್ರೈವರ್‌ಗೆ ಕುಡಿ ಅಂತ ಬಲವಂತ ಮಾಡುವವರು ಕಡಿಮೆ, ಅವರ ಜೀವವೂ ಅದರಲ್ಲೇ ಇರುತ್ತದಲ್ಲ.

ಬೋನಸ್_ಲೈನ್

ನಾಲ್ಕು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ.

ಟೆಂಪೊ ಓಡಿಸುವುದು ನಾನೇ ಈಗ. ಮೊದಲ ಶನಿವಾರ ಕ್ಯಾಪ್ಟನ್ ಒಂದು ಗಂಟೆ ಗೋಳು ಹೊಯ್ದುಕೊಂಡ. ಎರಡನೇ ಶನಿವಾರ ಅವನನ್ನೇ ಮನೆ ಬಾಗಿಲವರೆಗೆ ಹೊತ್ತುಕೊಂಡು ಹೋಗಿ ಬಿಟ್ಟೆ, ಅವನ ಹೆಂಡತಿ ನನಗೆ ಕಾಫಿ ಕೊಟ್ಟರು, ಅವನಿಗೆ ಏನು ಕೊಟ್ಟರೋ ಗೊತ್ತಿಲ್ಲ. ಆಮೇಲಿಂದ ಯಾರೂ ಏನೂ ಅಂದಿಲ್ಲ. ಮೂರನೇ ವಾರ ನಮ್ಮಕ್ಕನ ನಿಶ್ಚಿತಾರ್ಥ ಇತ್ತು, ಅಲ್ಲಿ ಒಂದು ನೈಂಟಿ ಹಾಕಿದೆ, ಸುಳ್ಳು ಹೇಳುವುದಿಲ್ಲ. ಮರುದಿನ ವಾಚ್ 60 ತೋರಿಸಿತು.

ಓಟದ ಟೈಮ್: ಮೊದಲ ವಾರ 6:40, ಅಷ್ಟೇನಾ ಅನಿಸಿತು. ಎರಡನೇ ವಾರ 6:37. ನಿನ್ನೆ 6:31. ಅಮ್ಮನಿಗೆ ಹೇಳಿದರೆ, ಆ ಒಂದು ಸೆಕೆಂಡ್ ನಾನು ದೇವರ ಹತ್ತಿರ ಕೇಳುತ್ತೇನೆ ಬಿಡು ಅಂದರು.

ಕೆಮ್ಮಣ್ಣು

ದೇವರ ಹತ್ತಿರ ಅಮ್ಮ ಕೇಳಲಿ. ನೀನು ನಾಲ್ಕೂ ಸುತ್ತಿನ ಟೈಮ್ ಬೇರೆ ಬೇರೆ ಬರೆದು ಇಲ್ಲಿ ಹಾಕು. ನಾನು ಅವತ್ತೇ ಕೇಳಿದ್ದೆ, ಇನ್ನೂ ಹೇಳಿಲ್ಲ ನೀನು.

ಬೋನಸ್_ಲೈನ್

93, 96, 104, 98. ನೀವು ಹೇಳಿದ್ದೇ ಸರಿ ತಾತ, ಮೂರನೆಯದೇ.